ಒಂದೇ ಪೋರ್ಟಿಗೆ ಇಬ್ಬರು ಬಿದ್ದಾಗ: ಲಿನಕ್ಸ್ ಸರ್ವರ್‌ನಲ್ಲಿ ಪೋರ್ಟ್ ತಕರಾರು ಬಿಡಿಸುವ ಸಮಗ್ರ ಮಾರ್ಗದರ್ಶಿ

ಜನವರಿ ತಿಂಗಳು, ತೊಗರಿ ಸುಗ್ಗಿ. ಕಲಬುರಗಿಯ ಹುಮನಾಬಾದ್ ರಸ್ತೆ ಕಡೆಯ ಒಂದು ದಾಲ್ ಮಿಲ್ಲಿನಿಂದ ಬೆಳಿಗ್ಗೆ ಎಂಟಕ್ಕೇ ಮುನೀಮರ ಫೋನ್ ಬಂತು. “ಸರ್, ರಾತ್ರಿ ಕರೆಂಟ್ ಹೋಗಿ ಬಂತ್ರೀ. ಈಗ ಬಿಲ್ ಪೇಜ್ ತೆಗದ್ರ ‘ಇಟ್ ವರ್ಕ್ಸ್’ ಅಂತ ಇಂಗ್ಲೀಷ್‌ದಾಗ ಬರ್ಲಿಕತ್ತದ, ಬಿಲ್ ಮಾತ್ರ ಬರವಲ್ದು. ಕಾಟಾದ ಮುಂದ ಆರು ಗಾಡಿ ನಿಂತಾವ್ರೀ.”

ಅವರ ಮಾತಿನಲ್ಲೇ ಅರ್ಧ ಉತ್ತರ ಇತ್ತು. ‘ಇಟ್ ವರ್ಕ್ಸ್’ ಎಂಬುದು ಅಪಾಚೆ ವೆಬ್ ಸರ್ವರ್ ಹೊಸದಾಗಿ ಕೂತಾಗ ತೋರಿಸುವ ಪುಟ. ಆ ಮಿಲ್ಲಿನ ಉಬುಂಟು ಯಂತ್ರದಲ್ಲಿ ನಾನು ಕೂರಿಸಿದ್ದು ಎಂಜಿನ್‌ಎಕ್ಸ್ ಎಂಬ ಇನ್ನೊಂದು ವೆಬ್ ಸರ್ವರ್. ಅದರ ಜಾಗದಲ್ಲಿ ಇನ್ಯಾರೋ ಬಂದು ಕೂತಿದ್ದರು. ಆ ಜಾಗಕ್ಕೇ ಪೋರ್ಟ್ ಎನ್ನುತ್ತಾರೆ: ಹೊರಗಿನಿಂದ ಬಂದ ಸಂಪರ್ಕ ಯಾವ ಪ್ರೋಗ್ರಾಮಿಗೆ ಹೋಗಬೇಕು ಎಂದು ಹೇಳುವ ಸಂಖ್ಯೆ.

ಇಂಥ ಹೊತ್ತಿನಲ್ಲಿ ಹೆಚ್ಚಿನವರು ಮಾಡುವುದು ಎರಡೇ ಕೆಲಸ: ಯಂತ್ರ ರೀಬೂಟ್ ಮಾಡುವುದು, ಇಲ್ಲವೇ ಅಡ್ಡ ಕೂತ ಪ್ರೋಗ್ರಾಮನ್ನು ‘ಕಿಲ್ -9’ ಹೊಡೆದು ಮುಗಿಸುವುದು. ಎರಡರಿಂದಲೂ ಆ ಹೊತ್ತಿಗೆ ಗಾಡಿ ಮುಂದೆ ಹೋಗಬಹುದು. ಆದರೆ ಅಡ್ಡ ಕೂತವನು ಯಾಕೆ ಬಂದ ಅನ್ನುವುದು ಗೊತ್ತಾಗದಿದ್ದರೆ ಮುಂದಿನ ಸಲ ಕರೆಂಟ್ ಹೋದಾಗ ಅವನು ಮತ್ತೆ ಬರುತ್ತಾನೆ. ನಮ್ಮ ಕಡೆ ಕರೆಂಟ್ ಹೋಗದ ವಾರ ಅಪರೂಪ. ಹಾಗಾಗಿ ಈ ಮಾರ್ಗದರ್ಶಿಯಲ್ಲಿ ಪೋರ್ಟ್ ಬಿಡಿಸುವುದಕ್ಕಿಂತ ಅದು ಯಾಕೆ ಹಿಡಿಯಲ್ಪಟ್ಟಿತು ಎಂದು ಹುಡುಕುವುದಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇನೆ.

ಕಮಾಂಡ್‌ಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲೇ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಅವನ್ನೇ ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡಿ. ಬೇರೆ ಹೇಳದಿದ್ದರೆ ಎಲ್ಲವೂ ಸಣ್ಣಕ್ಷರ. ಎಂಜಿನ್‌ಎಕ್ಸ್ ಅನ್ನು ಮಾತ್ರ ಎನ್-ಜಿ-ಐ-ಎನ್-ಎಕ್ಸ್ ಎಂದು ಟೈಪ್ ಮಾಡಿ. ಮೊದಲಿಗೆ ಬರುವ ‘ಸುಡೊ’ ಅಂದರೆ ಆ ಕಮಾಂಡನ್ನು ರೂಟ್, ಅಂದರೆ ಯಂತ್ರದ ಒಡೆಯನ, ಅಧಿಕಾರದಲ್ಲಿ ಓಡಿಸು ಎಂದು. ಉದಾಹರಣೆಗಳು ಉಬುಂಟು ಮತ್ತು ಡೆಬಿಯನ್ ಎಂಬ ಲಿನಕ್ಸ್ ಬಗೆಗಳಿಗೆ ಸೇರಿದವು.

ಜಗಳ ಯಾವುದಕ್ಕೆ

ಪೋರ್ಟ್ ಸಂಖ್ಯೆಗಳು 0ಯಿಂದ 65535ರವರೆಗೆ. 1024ಕ್ಕಿಂತ ಕೆಳಗಿನವನ್ನು ಹಿಡಿಯಲು ಸಾಮಾನ್ಯವಾಗಿ ರೂಟ್ ಅಧಿಕಾರ ಬೇಕು. ಲಿನಕ್ಸ್‌ನ ತಿರುಳಾದ ಕರ್ನಲ್ ನೋಡುವುದು ಬರೀ ಸಂಖ್ಯೆಯನ್ನಲ್ಲ. ಮಾಹಿತಿ ಸಾಗಿಸುವ ಎರಡು ಪದ್ಧತಿಗಳಲ್ಲಿ ಟಿಸಿಪಿಯೋ ಯುಡಿಪಿಯೋ, ಯಾವ ಐಪಿ ವಿಳಾಸ, ಯಾವ ಪೋರ್ಟ್, ಈ ಮೂರೂ ಸೇರಿ ಒಂದು ಸೀಟು. ಟಿಸಿಪಿ 53 ಒಬ್ಬರ ಬಳಿ, ಯುಡಿಪಿ 53 ಇನ್ನೊಬ್ಬರ ಬಳಿ ಇದ್ದರೆ ತಕರಾರಿಲ್ಲ. ಒಬ್ಬರು 127.0.0.1ರ 8080, ಇನ್ನೊಬ್ಬರು 192.168.1.10ರ 8080 ಹಿಡಿದರೂ ನಡೆಯುತ್ತದೆ. ಆದರೆ 0.0.0.0 ಅಂದರೆ ‘ಈ ಯಂತ್ರದ ಎಲ್ಲಾ ವಿಳಾಸವೂ ನನ್ನದೇ’ ಎಂದ ಹಾಗೆ. ಅಂಥವನೊಬ್ಬ ಕೂತರೆ ಆ ಪೋರ್ಟಿನಲ್ಲಿ ಬೇರೆ ಯಾವ ಐಪಿವಿ4 ವಿಳಾಸಕ್ಕೂ ಇನ್ನೊಬ್ಬನಿಗೆ ಜಾಗವಿಲ್ಲ. ಐಪಿವಿ6ರ ‘::’ ವಿಳಾಸವೂ ಲಿನಕ್ಸ್‌ನ ಮೂಲ ಸೆಟ್ಟಿಂಗ್‌ನಲ್ಲಿ ಐಪಿವಿ4ನ್ನೂ ಸೇರಿಸಿಯೇ ಹಿಡಿಯುತ್ತದೆ. ‘ನಾನು ಐಪಿವಿ4 ಮಾತ್ರ ಕೇಳಿದ್ದೆ, ಅದು ಐಪಿವಿ6ನಲ್ಲಿದೆ, ಆದರೂ ಯಾಕೆ ಅಡ್ಡಿ’ ಎಂದು ತಲೆ ಕೆಡಿಸಿಕೊಳ್ಳುವವರಿಗೆ ಉತ್ತರ ಇದೇ.

ಮೊದಲು ಲಾಗ್ ಓದಿ

ಏನನ್ನೂ ಮುಟ್ಟುವ ಮುಂಚೆ, ಏಳದೆ ಬಿದ್ದಿರುವ ಸರ್ವಿಸ್ (ಹಿನ್ನೆಲೆಯಲ್ಲಿ ನಡೆಯುವ ಪ್ರೋಗ್ರಾಮ್) ಏನು ಹೇಳುತ್ತಿದೆ ಕೇಳಿ:

ಸುಡೊ ಜರ್ನಲ್‌ಸಿಟಿಎಲ್ -ಯು ಎಂಜಿನ್‌ಎಕ್ಸ್ -ಬಿ

ಇಲ್ಲಿ ‘-ಬಿ’ ಅಂದರೆ ಈ ಸಲದ ಬೂಟ್‌ನಿಂದ ಈಚೆಗಿನದು ಮಾತ್ರ. ಮಿಲ್ಲಿನ ಯಂತ್ರದಲ್ಲಿ ಕಂಡದ್ದು ಹೀಗೆ: ‘ಬೈಂಡ್() ಟು 0.0.0.0:80 ಫೇಲ್ಡ್ (98: ಅಡ್ರೆಸ್ ಆಲ್‌ರೆಡಿ ಇನ್ ಯೂಸ್)’. ಬೈಂಡ್ ಅಂದರೆ ಪೋರ್ಟ್ ಹಿಡಿಯುವುದು. ಅದೇ ಸಾಲು ಐದು ಸಲ, ಕೊನೆಗೆ ‘ಸ್ಟಿಲ್ ಕುಡ್ ನಾಟ್ ಬೈಂಡ್()’. ಎಂಜಿನ್‌ಎಕ್ಸ್ ಅರ್ಧರ್ಧ ಸೆಕೆಂಡ್ ಬಿಟ್ಟು ಐದು ಸಲ ಪ್ರಯತ್ನಿಸಿ ಕೈಬಿಡುತ್ತದೆ, ಅದಕ್ಕೇ ಐದು ಸಾಲು.

ಆವರಣದೊಳಗಿನ ಸಂಖ್ಯೆಯೇ ಮುಖ್ಯ. 98 ಇದ್ದರೆ ಸೀಟು ಬೇರೆಯವರ ಬಳಿ ಇದೆ, ಇದೇ ನಮ್ಮ ವಿಷಯ. 13 ಇದ್ದರೆ ಸೀಟು ಖಾಲಿ ಇದೆ, ನಿಮಗೆ ಕೂರುವ ಅನುಮತಿ ಇಲ್ಲ: ರೂಟ್ ಅಲ್ಲದೆ 1024ರ ಕೆಳಗಿನದು ಕೇಳಿದ್ದೀರಿ, ಇಲ್ಲವೇ ರೆಡ್‌ಹ್ಯಾಟ್ ಕುಟುಂಬದ ಯಂತ್ರದಲ್ಲಿ ಎಸ್‌ಇಲಿನಕ್ಸ್ ಎಂಬ ಭದ್ರತಾ ಕಾವಲು ತಡೆದಿದೆ. 99 ಇದ್ದರೆ ಕಾನ್ಫಿಗ್‌ನಲ್ಲಿ ಬರೆದ ಐಪಿ ವಿಳಾಸವೇ ಈ ಯಂತ್ರದಲ್ಲಿಲ್ಲ. ರೌಟರ್ ಬದಲಿಸಿದ ಮೇಲೆ ಈ ಕೊನೆಯದು ಬಹಳ ಕಾಣುತ್ತದೆ. 13 ಮತ್ತು 99ಕ್ಕೆ ಯಾರನ್ನು ಕಿಲ್ ಮಾಡಿದರೂ ಪ್ರಯೋಜನವಿಲ್ಲ.

ಇನ್ನೊಂದು ಮಾತು. ‘ಎಂಜಿನ್‌ಎಕ್ಸ್ -ಟಿ’ ಹೊಡೆದು ‘ಟೆಸ್ಟ್ ಈಸ್ ಸಕ್ಸೆಸ್‌ಫುಲ್’ ಎಂದು ಬಂದ ಮಾತ್ರಕ್ಕೆ ನಂಬಬೇಡಿ. ಆ ಪರೀಕ್ಷೆ ಕಾನ್ಫಿಗ್ ಬರವಣಿಗೆ ಸರಿ ಇದೆಯೇ ಎಂದು ನೋಡುತ್ತದೆ, ಪೋರ್ಟ್ ಬೇರೆಯವರ ಬಳಿ ಇದ್ದರೂ ಪಾಸ್ ಮಾಡುತ್ತದೆ.

ಯಾರು ಕೂತಿದ್ದಾರೆ

ಸುಡೊ ಎಸ್‌ಎಸ್ -ಟಿಎಲ್‌ಎನ್‌ಪಿ

ಟಿ ಅಂದರೆ ಟಿಸಿಪಿ, ಎಲ್ ಅಂದರೆ ಕಾದು ಕೂತಿರುವವರು ಮಾತ್ರ, ಎನ್ ಅಂದರೆ ಹೆಸರಿನ ಬದಲು ಸಂಖ್ಯೆ, ಪಿ ಅಂದರೆ ಯಾವ ಪ್ರೋಗ್ರಾಮ್. ಯುಡಿಪಿ ಬೇಕಿದ್ದರೆ ಟಿ ಬದಲು ಯು. ಸುಡೊ ಮರೆಯಬೇಡಿ. ಅದಿಲ್ಲದಿದ್ದರೆ ಪೋರ್ಟ್ ಕಾಣುತ್ತದೆ, ಆದರೆ ಬೇರೆ ಯೂಸರ್‌ಗಳ ಪ್ರೋಗ್ರಾಮಿನ ಹೆಸರು ಖಾಲಿ ಬರುತ್ತದೆ. ಹೊಸಬರು ‘ಯಾರೂ ಇಲ್ಲ’ ಎಂದು ಮೋಸಹೋಗುವುದು ಇಲ್ಲೇ.

ಮಿಲ್ಲಿನಲ್ಲಿ ಬಂದ ಸಾಲು:

ಲಿಸನ್ 0 511 *:80 *:* ಯೂಸರ್ಸ್:(("ಅಪಾಚೆ2",ಪಿಐಡಿ=912,ಎಫ್‌ಡಿ=4))

ಎಡದಿಂದ ಓದಿ. 511 ಎಂಬುದು ಒಳಗೆ ಬರಲು ಸಾಲಿನಲ್ಲಿ ನಿಲ್ಲಬಹುದಾದ ಸಂಪರ್ಕಗಳ ಮಿತಿ. ‘*:80’ರ ನಕ್ಷತ್ರ ಎಂದರೆ ಐಪಿವಿ4, ಐಪಿವಿ6 ಎರಡನ್ನೂ ಸೇರಿಸಿ ಹಿಡಿದಿದೆ. ಕೊನೆಯಲ್ಲಿ ಹೆಸರು ಮತ್ತು 912 ಎಂಬ ಪ್ರಾಸೆಸ್ ಸಂಖ್ಯೆ. ಆ ಸಂಖ್ಯೆ ಸಿಕ್ಕ ಕೂಡಲೇ ಇದನ್ನು ಹೊಡೆಯಿರಿ:

ಸಿಸ್ಟಮ್‌ಸಿಟಿಎಲ್ ಸ್ಟೇಟಸ್ 912

ಸರ್ವಿಸ್ ಹೆಸರಿನ ಜಾಗದಲ್ಲಿ ಪ್ರಾಸೆಸ್ ಸಂಖ್ಯೆ ಕೊಟ್ಟರೂ ಇದು ಉತ್ತರಿಸುತ್ತದೆ ಎಂಬುದು ಬಹಳ ಜನರಿಗೆ ಗೊತ್ತಿಲ್ಲ. ಅದು ಯಾವ ಸರ್ವಿಸ್‌ಗೆ ಸೇರಿದ್ದು, ಬೂಟ್‌ನಲ್ಲಿ ತಾನಾಗಿ ಏಳುವಂತಿದೆಯೇ, ಎಷ್ಟು ಹೊತ್ತಿನಿಂದ ನಡೆದಿದೆ, ಎಲ್ಲಾ ಒಂದೇ ಕಡೆ ಸಿಗುತ್ತದೆ. ಸರ್ವಿಸ್ ಅಲ್ಲದೆ ಯಾರೋ ಲಾಗಿನ್ ಆಗಿ ಕೈಯಿಂದ ಓಡಿಸಿದ್ದಾದರೆ ಅದೂ ಅಲ್ಲೇ ‘ಸೆಷನ್’ ಎಂದು ಕಾಣುತ್ತದೆ.

‘ಎಲ್‌ಎಸ್‌ಒಎಫ್ -ಐ :80’ ಬಳಸುವವರಿದ್ದಾರೆ. ಒಳ್ಳೆಯ ಕಮಾಂಡೇ, ಆದರೆ ಅದು ಈ ಯಂತ್ರದ 80ರಲ್ಲಿ ಕೂತವರನ್ನಷ್ಟೇ ತೋರಿಸುವುದಿಲ್ಲ, ಹೊರಗಿನ ಯಾವುದೋ ಸೈಟಿನ 80ಕ್ಕೆ ಹೋಗಿರುವ ನಿಮ್ಮ ಬ್ರೌಸರನ್ನೂ ತೋರಿಸುತ್ತದೆ. ಅದರ ಉತ್ತರವನ್ನು ಹಾಗೇ ಕಿಲ್‌ಗೆ ಕೊಟ್ಟರೆ ಬ್ರೌಸರ್ ಕೂಡ ಸಾಯುತ್ತದೆ. ಬಳಸುವುದಾದರೆ ‘-ಎಸ್‌ಟಿಸಿಪಿ:ಲಿಸನ್’ ಸೇರಿಸಿ. ಅಲ್ಲಿ ಮೊದಲ ‘ಎಸ್’ ಸಣ್ಣಕ್ಷರ, ಟಿಸಿಪಿ ಮತ್ತು ಲಿಸನ್ ದೊಡ್ಡಕ್ಷರ. ‘ಫ್ಯೂಸರ್ -ಕೆ 80/ಟಿಸಿಪಿ’ಯನ್ನು ನಾನು ಸರ್ವರ್‌ನಲ್ಲಿ ಬಳಸುವುದೇ ಇಲ್ಲ. ಅದು ಕೇಳದೆ ಕೇಳಿಸದೆ 9ನೇ ಸಿಗ್ನಲ್ (ಅದೇ ‘ಕಿಲ್ -9’) ಕಳಿಸುತ್ತದೆ. 3306ರಲ್ಲಿ ಕೂತ ಡೇಟಾಬೇಸಿಗೆ ಹಾಗೆ ಹೊಡೆದರೆ, ಬರೆಯುತ್ತಿದ್ದ ಕೆಲಸ ಅರ್ಧಕ್ಕೇ ನಿಂತು ಮುಂದಿನ ಸಲ ರಿಕವರಿ ಮಾಡಿಕೊಂಡು ಏಳಬೇಕಾಗುತ್ತದೆ. ಮಿಲ್ಲಿನ ಲೆಕ್ಕ ಇರುವುದು ಅದರಲ್ಲಿ.

ಯಾಕೆ ಬಂದ

ಅಪಾಚೆಯನ್ನು ನಾನು ಹಾಕಿರಲಿಲ್ಲ. ಮುನೀಮರೂ ಹಾಕಿರಲಿಲ್ಲ. ಹಾಗಾದರೆ ಯಾರು? ಡೆಬಿಯನ್ ಮತ್ತು ಉಬುಂಟು ಯಂತ್ರಗಳಲ್ಲಿ ಇದಕ್ಕೊಂದು ವಹಿ ಇದೆ: /ವಿಎಆರ್/ಲಾಗ್/ಎಪಿಟಿ/ಹಿಸ್ಟರಿ.ಲಾಗ್. ಎಪಿಟಿ ಅಂದರೆ ಪ್ಯಾಕೇಜ್‌ಗಳನ್ನು ಹಾಕುವ, ತೆಗೆಯುವ ಕಮಾಂಡ್. ಯಾವ ದಿನ, ಎಷ್ಟು ಗಂಟೆಗೆ, ಯಾವ ಕಮಾಂಡ್ ಹೊಡೆದರು, ಅದರಿಂದ ಏನೇನು ಒಳಗೆ ಬಂತು ಎಲ್ಲವೂ ಅಲ್ಲಿ ಬರೆದಿರುತ್ತದೆ. ಹಳೆಯ ತಿಂಗಳದ್ದು ಜಿಪ್ ಆಗಿ ಅದೇ ಫೋಲ್ಡರ್‌ನಲ್ಲಿರುತ್ತದೆ, ‘ಜೆಡ್‌ಗ್ರೆಪ್ ಅಪಾಚೆ2’ ಎಂದು ಅದರೊಳಗೂ ಹುಡುಕಬಹುದು.

ಹುಡುಕಿದಾಗ ಸಿಕ್ಕಿದ್ದು ಮೂರು ತಿಂಗಳ ಹಿಂದಿನ ಒಂದು ಸಾಲು: ‘ಎಪಿಟಿ ಇನ್‌ಸ್ಟಾಲ್ ಪಿಎಚ್‌ಪಿ’. ಸ್ಟಾಕ್ ರಿಪೋರ್ಟಿಗೆಂದು ಒಬ್ಬ ಹುಡುಗ ಪಿಎಚ್‌ಪಿ ಎಂಬ ವೆಬ್ ಭಾಷೆಯಲ್ಲಿ ಸಣ್ಣದೊಂದು ಪುಟ ಬರೆದು ಹೋಗಿದ್ದ. ಅವನದೇನೂ ತಪ್ಪಿಲ್ಲ. ಉಬುಂಟುವಿನಲ್ಲಿ ಬರೀ ‘ಪಿಎಚ್‌ಪಿ’ ಎಂದು ಕೇಳಿದರೆ ಅದು ತನ್ನನ್ನು ನಡೆಸುವವರೊಬ್ಬರನ್ನು ಹುಡುಕುತ್ತದೆ. ಅದನ್ನು ನಡೆಸಬಲ್ಲ ಎಫ್‌ಪಿಎಂ ಅಥವಾ ಸಿಜಿಐ ಪ್ಯಾಕೇಜ್ ಮೊದಲೇ ಇಲ್ಲದಿದ್ದರೆ ಪಟ್ಟಿಯಲ್ಲಿ ಮೊದಲಿರುವ ಅಪಾಚೆ ಮಾಡ್ಯೂಲನ್ನು ಆರಿಸುತ್ತದೆ, ಅದರ ಬೆನ್ನಿಗೆ ಇಡೀ ಅಪಾಚೆ ಬರುತ್ತದೆ. ಇಲ್ಲಿ ಪ್ಯಾಕೇಜ್ ಬಂತೆಂದರೆ ಸರ್ವಿಸ್ ತಾನಾಗಿ ಶುರುವಾಗುತ್ತದೆ, ಬೂಟ್ ಪಟ್ಟಿಗೂ ಸೇರುತ್ತದೆ. ಆ ದಿನ 80ರಲ್ಲಿ ಎಂಜಿನ್‌ಎಕ್ಸ್ ಇದ್ದದ್ದರಿಂದ ಅಪಾಚೆ ಏಳಲಾಗದೆ ಬಿತ್ತು. ರಿಪೋರ್ಟ್ ಪುಟ ತೆರೆಯದೆ ಅವನು ಬೇರೆ ದಾರಿ ಹಿಡಿದ. ಆದರೆ ಬೂಟ್ ಪಟ್ಟಿಯಲ್ಲಿ ಅಪಾಚೆಯ ಹೆಸರು ಉಳಿಯಿತು.

ಮೂರು ತಿಂಗಳು ಯಂತ್ರ ಬಂದ್ ಆಗಲಿಲ್ಲ, ಇನ್ವರ್ಟರ್ ಕಾಪಾಡಿತ್ತು. ಆ ರಾತ್ರಿ ಇನ್ವರ್ಟರ್ ಕೂಡ ಕೈಕೊಟ್ಟಿತು. ಬೆಳಗಿನ ಜಾವ ಯಂತ್ರ ಎದ್ದಾಗ, ಸರ್ವಿಸ್‌ಗಳನ್ನು ಎಬ್ಬಿಸಿ ನೋಡಿಕೊಳ್ಳುವ ಸಿಸ್ಟಮ್‌ಡಿ ಎರಡನ್ನೂ ಒಟ್ಟಿಗೇ ಎಬ್ಬಿಸಿತು. ನೆಟ್‌ವರ್ಕ್ ಬಂದ ಮೇಲೆ ಏಳಬೇಕು ಎಂಬ ನಿಯಮ ಇಬ್ಬರಿಗೂ ಉಂಟು, ಇಬ್ಬರಲ್ಲಿ ಯಾರು ಮೊದಲು ಎಂಬ ನಿಯಮ ಇಲ್ಲ. ಯಾರು ಕೆಲವು ಮಿಲಿಸೆಕೆಂಡ್ ಮುಂದೋ ಅವರದೇ ಪೋರ್ಟ್. ಇದರಿಂದಲೇ ‘ರೀಬೂಟ್ ಮಾಡಿದೆ, ಸರಿ ಆಯ್ತು’ ಅನ್ನುವುದು ನಂಬುವಂಥ ಮಾತಲ್ಲ. ಆ ಸಲ ಎಂಜಿನ್‌ಎಕ್ಸ್ ಓಟ ಗೆದ್ದಿರುತ್ತದೆ, ಅಷ್ಟೇ.

ನಿಮ್ಮ ಯಂತ್ರದಲ್ಲೂ ಇಂಥವರು ಅಡಗಿದ್ದಾರೆಯೇ ನೋಡಲು ಇವತ್ತೇ ಹೊಡೆಯಬೇಕಾದ ಎರಡು ಕಮಾಂಡ್:

ಸಿಸ್ಟಮ್‌ಸಿಟಿಎಲ್ --ಫೇಲ್ಡ್
ಸಿಸ್ಟಮ್‌ಸಿಟಿಎಲ್ ಲಿಸ್ಟ್-ಯೂನಿಟ್-ಫೈಲ್ಸ್ --ಸ್ಟೇಟ್=ಎನೇಬಲ್ಡ್

ಮೊದಲನೆಯದು ಏಳಲಾಗದೆ ಬಿದ್ದವರ ಪಟ್ಟಿ, ಎರಡನೆಯದು ಬೂಟ್‌ನಲ್ಲಿ ಏಳಲು ಹೆಸರು ಬರೆಸಿದವರ ಪಟ್ಟಿ. ಎರಡರಲ್ಲೂ ಇರುವ ಹೆಸರು ಕಂಡರೆ ಮುಂದಿನ ಪವರ್ ಕಟ್ ತನಕ ಕಾಯಬೇಡಿ.

ಇಬ್ಬರಲ್ಲಿ ಯಾರು ಉಳಿಯಬೇಕು

ಬಂದವನು ಬೇಡವೇ ಬೇಡ ಅಂದರೆ:

ಸುಡೊ ಸಿಸ್ಟಮ್‌ಸಿಟಿಎಲ್ ಡಿಸೇಬಲ್ --ನೌ ಅಪಾಚೆ2
ಸುಡೊ ಸಿಸ್ಟಮ್‌ಸಿಟಿಎಲ್ ಸ್ಟಾರ್ಟ್ ಎಂಜಿನ್‌ಎಕ್ಸ್

‘ಸ್ಟಾಪ್’ ಮಾತ್ರ ಹೊಡೆದರೆ ಈ ಹೊತ್ತಿಗೆ ನಿಲ್ಲುತ್ತದೆ, ಬೂಟ್ ಪಟ್ಟಿಯಲ್ಲಿ ಹೆಸರು ಉಳಿಯುತ್ತದೆ. ‘ಡಿಸೇಬಲ್ --ನೌ’ ಎರಡನ್ನೂ ಒಂದೇ ಏಟಿಗೆ ಮಾಡುತ್ತದೆ. ಮಿಲ್ಲಿನಲ್ಲಿ ಇಷ್ಟೇ ಸಾಕಾಯಿತು, ಎಂಟೂವರೆಗೆ ಮೊದಲ ಗಾಡಿಯ ಬಿಲ್ ಬಂತು. ಪ್ಯಾಕೇಜನ್ನೇ ತೆಗೆಯುವ ಮನಸ್ಸಿದ್ದರೆ ಮೊದಲು ‘ಪಿಎಚ್‌ಪಿ-ಎಫ್‌ಪಿಎಂ’ ಹಾಕಿ, ಆಮೇಲೆ ಅಪಾಚೆ ತೆಗೆಯಿರಿ.

ಇಬ್ಬರೂ ಬೇಕು ಅಂದರೆ ಒಬ್ಬರಿಗೆ ಬೇರೆ ಪೋರ್ಟ್ ಕೊಡಬೇಕು. ಅಪಾಚೆಯಲ್ಲಿ ಎರಡು ಕಡೆ ಬದಲಿಸಬೇಕು: /ಇಟಿಸಿ/ಅಪಾಚೆ2/ಪೋರ್ಟ್ಸ್.ಕಾನ್ಫ್‌ನಲ್ಲಿ ‘ಲಿಸನ್ 80’ ಇರುವುದನ್ನು ‘ಲಿಸನ್ 127.0.0.1:8080’ ಎಂದೂ, ಸೈಟ್ ಫೈಲಿನ ‘ವರ್ಚುವಲ್‌ಹೋಸ್ಟ್ *:80’ ಇರುವುದನ್ನು ‘*:8080’ ಎಂದೂ. ಮೊದಲನೆಯದನ್ನು ಬದಲಿಸಿ ಎರಡನೆಯದನ್ನು ಮರೆತರೆ ಅಪಾಚೆ ಏಳುತ್ತದೆ, ಆದರೆ ನಿಮ್ಮ ಸೈಟ್ ಸೆಟ್ಟಿಂಗ್ ಕೆಲಸಕ್ಕೆ ಬರುವುದಿಲ್ಲ. ಎಸ್‌ಎಸ್‌ಎಲ್ (ಗೂಢಲಿಪಿಯ ಸುರಕ್ಷಿತ ಸಂಪರ್ಕದ) ಮಾಡ್ಯೂಲ್ ಆನ್ ಇದ್ದರೆ ಅದೇ ಫೈಲಿನ ‘ಲಿಸನ್ 443’ ಕೂಡ ನೋಡಿ. ಇಲ್ಲದಿದ್ದರೆ 80ರ ಜಗಳ ಮುಗಿದು 443ರದ್ದು ಶುರುವಾಗುತ್ತದೆ. ಆಮೇಲೆ 80ರಲ್ಲಿ ಎಂಜಿನ್‌ಎಕ್ಸ್ ನಿಂತು, ಹಿಂದಿನ ಅಪಾಚೆಗೆ ‘ಪ್ರಾಕ್ಸಿ_ಪಾಸ್’ ಮೂಲಕ ದಾಟಿಸಲಿ. ಹೊರಗಿನವರಿಗೆ ಒಂದೇ ಬಾಗಿಲು, ಒಳಗೆ ಎಷ್ಟು ಕೋಣೆ ಬೇಕಾದರೂ ಇರಲಿ. ನನ್ನ ಕೈಯಲ್ಲಿರುವ ಎಲ್ಲಾ ಯಂತ್ರಗಳನ್ನೂ ಹೀಗೇ ಇಟ್ಟಿದ್ದೇನೆ. ಒಳಗಿನ ಪ್ರೋಗ್ರಾಮ್‌ಗಳು 127.0.0.1ರಲ್ಲಿ ಮಾತ್ರ ಕೂತರೆ ಹೊರಗಿನಿಂದ ಯಾರೂ ನೇರವಾಗಿ ಮುಟ್ಟಲಾರರು ಎಂಬ ಲಾಭವೂ ಉಂಟು.

ಜಾವಾ ಪ್ರೋಗ್ರಾಮ್‌ಗಳನ್ನು ನಡೆಸುವ ಟಾಮ್‌ಕ್ಯಾಟ್ ಸರ್ವರ್ ಬಳಸುವವರಿಗೆ ಒಂದು ಎಚ್ಚರಿಕೆ. ಒಂದೇ ಯಂತ್ರದಲ್ಲಿ ಎರಡು ಟಾಮ್‌ಕ್ಯಾಟ್ ಹಾಕಿದಾಗ 8080 ಬದಲಿಸಿ ಸುಮ್ಮನಾಗುತ್ತೇವೆ. ಅದಕ್ಕೆ 8005 ಎಂಬ ಇನ್ನೊಂದು ಪೋರ್ಟ್ ಇದೆ, ಬಂದ್ ಮಾಡುವ ಆದೇಶ ಕೇಳಲು. ಸರ್ವರ್.ಎಕ್ಸ್‌ಎಂಎಲ್ ಫೈಲಿನಲ್ಲಿ ಅದನ್ನೂ ಬದಲಿಸದಿದ್ದರೆ ಎರಡನೆಯದು ಎದ್ದ ಕೂಡಲೇ ಬಿದ್ದುಹೋಗುತ್ತದೆ.

ಕಿಲ್ ಮಾಡಿದರೂ ಮತ್ತೆ ಬರುವವರು

ಎಸ್‌ಎಸ್ ಉತ್ತರದಲ್ಲಿ ಪ್ರೋಗ್ರಾಮ್ ಹೆಸರು ‘ಸಿಸ್ಟಮ್‌ಡಿ’, ಸಂಖ್ಯೆ 1 ಎಂದು ಬಂದರೆ ಗಾಬರಿಯಾಗಬೇಡಿ, ಅದನ್ನು ಕಿಲ್ ಮಾಡಲು ಹೋಗಲೂಬೇಡಿ. ಕಲಬುರಗಿ ಬಸ್ ಸ್ಟ್ಯಾಂಡಿನಲ್ಲಿ ಬೀದರ್ ಬಸ್ಸು ಬಂದ ಕೂಡಲೇ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿಯುತ್ತಾರಲ್ಲ, ಸಿಸ್ಟಮ್‌ಡಿ ಮಾಡುವುದೂ ಅದನ್ನೇ. ಕೂರುವವನು ಇನ್ನೂ ಬಂದಿಲ್ಲ, ಟವೆಲ್ ಬಿದ್ದಿದೆ. ಇದಕ್ಕೆ ಸಾಕೆಟ್ ಯೂನಿಟ್ ಎನ್ನುತ್ತಾರೆ. ‘ಸಿಸ್ಟಮ್‌ಸಿಟಿಎಲ್ ಲಿಸ್ಟ್-ಸಾಕೆಟ್ಸ್’ ಹೊಡೆದರೆ ಯಾವ ಟವೆಲ್ ಯಾರದು ಎಂದು ತಿಳಿಯುತ್ತದೆ. ಸರ್ವಿಸ್ ನಿಲ್ಲಿಸಿದರೆ ಸಾಲದು, ಅದೇ ಹೆಸರಿನ ‘.ಸಾಕೆಟ್’ ಯೂನಿಟ್ಟನ್ನೂ ನಿಲ್ಲಿಸಬೇಕು. ಉಬುಂಟು 22.10ರಿಂದ, ದೂರದಿಂದ ಲಾಗಿನ್ ಆಗಲು ಬಳಸುವ ಎಸ್‌ಎಸ್‌ಎಚ್ ಕೂಡ ಈ ದಾರಿಗೆ ಬಂದಿದೆ. 24.04ರಲ್ಲಿ ಎಸ್‌ಎಸ್‌ಎಚ್ ಪೋರ್ಟ್ ಬದಲಿಸಿದ ಮೇಲೆ ‘ಸಿಸ್ಟಮ್‌ಸಿಟಿಎಲ್ ಡೀಮನ್-ರೀಲೋಡ್’ ಮಾಡಿ ‘ಎಸ್‌ಎಸ್‌ಎಚ್.ಸಾಕೆಟ್’ ರಿಸ್ಟಾರ್ಟ್ ಮಾಡದಿದ್ದರೆ ಹಳೆಯ ಪೋರ್ಟೇ ಉಳಿಯುತ್ತದೆ.

ಹೆಸರು ‘ಡಾಕರ್-ಪ್ರಾಕ್ಸಿ’ ಎಂದಿದ್ದರೆ ಕೂತಿರುವುದು ಕಂಟೇನರ್, ಅಂದರೆ ಡಾಕರ್ ತನ್ನದೇ ಡಬ್ಬಿಯೊಳಗೆ ಓಡಿಸುವ ಪ್ರೋಗ್ರಾಮ್. ‘ಡಾಕರ್ ಪಿಎಸ್’ ಹೊಡೆದು ಯಾವುದೆಂದು ಹುಡುಕಿ, ಅದನ್ನೇ ನಿಲ್ಲಿಸಿ. ರಿಸ್ಟಾರ್ಟ್ ಪಾಲಿಸಿ ‘ಆಲ್‌ವೇಸ್’ ಇದ್ದರೆ ಬೂಟ್‌ನಲ್ಲಿ ಮತ್ತೆ ಏಳುತ್ತದೆ, ಆದ್ದರಿಂದ ಕಂಟೇನರ್‌ನ ಸೆಟ್ಟಿಂಗ್ ಇರುವ ಕಂಪೋಸ್ ಫೈಲಿನಲ್ಲೇ ಪೋರ್ಟ್ ಬದಲಿಸಿ.

53ರದ್ದು ಬೇರೆಯೇ ಕಥೆ. ಆಫೀಸಿಗೊಂದು ಡಿಎನ್‌ಎಸ್ (ಸೈಟಿನ ಹೆಸರಿಗೆ ಐಪಿ ವಿಳಾಸ ಹೇಳುವ ಸರ್ವರ್) ಇರಲಿ ಎಂದು ಡಿಎನ್‌ಎಸ್‌ಮಾಸ್ಕ್ ಎಂಬ ಪ್ರೋಗ್ರಾಮ್ ಹಾಕಿದರೆ ಉಬುಂಟುವಿನಲ್ಲಿ 127.0.0.53ರ ಮೇಲೆ, ಅದೇ ಕೆಲಸ ಮಾಡುವ ಸಿಸ್ಟಮ್‌ಡಿ-ರಿಸಾಲ್ವ್ಡ್ ಮೊದಲೇ ಕೂತಿರುತ್ತದೆ. ಅದನ್ನು ಸುಮ್ಮನೆ ನಿಲ್ಲಿಸಿದರೆ ಈ ಯಂತ್ರಕ್ಕೇ ಸೈಟುಗಳ ಹೆಸರು ತಿಳಿಯದಂತಾಗಿ ಎಪಿಟಿ ಕೂಡ ನಿಲ್ಲುತ್ತದೆ. ನಾನು ಮೆಚ್ಚುವ ದಾರಿ: ರಿಸಾಲ್ವ್ಡನ್ನು ಅದರ ಪಾಡಿಗೆ ಬಿಟ್ಟು, ಡಿಎನ್‌ಎಸ್‌ಮಾಸ್ಕ್ ಕಾನ್ಫಿಗ್‌ನಲ್ಲಿ ‘ಬೈಂಡ್-ಇಂಟರ್‌ಫೇಸಸ್’ ಎಂದೂ ‘ಲಿಸನ್-ಅಡ್ರೆಸ್=192.168.1.10’ ಎಂದು ನಿಮ್ಮ ಆಫೀಸಿನ ವಿಳಾಸವನ್ನೂ ಬರೆಯುವುದು. ವಿಳಾಸ ಬೇರೆಯಾದದ್ದರಿಂದ ಸೀಟೂ ಬೇರೆ.

ಸುಡೊ ಹಾಕಿದರೂ ಹೆಸರೇ ಬಾರದ ಪೋರ್ಟ್ ಇದ್ದರೆ ಅದು ಕರ್ನಲ್ ತಾನೇ ಹಿಡಿದದ್ದು. ನೆಟ್‌ವರ್ಕ್ ಮೂಲಕ ಫೈಲ್ ಹಂಚುವ ಎನ್‌ಎಫ್‌ಎಸ್‌ನ 2049 ಅದಕ್ಕೆ ಒಳ್ಳೆಯ ಉದಾಹರಣೆ. ಎನ್‌ಎಫ್‌ಎಸ್ ಸರ್ವಿಸ್ ನಿಲ್ಲಿಸಿಯೇ ಬಿಡಿಸಬೇಕು.

ನೀವೇ ಬರೆದ ಪ್ರೋಗ್ರಾಮ್ ಆದರೆ

ಇಂಜಿನಿಯರಿಂಗ್ ಓದುವ ಹುಡುಗರು ನನ್ನ ಬಳಿ ತರುವ ತಕರಾರುಗಳಲ್ಲಿ ಹೆಚ್ಚಿನವು ಎರಡೇ. ಒಂದು, ಕಂಟ್ರೋಲ್-ಸಿ ಬದಲು ಕಂಟ್ರೋಲ್-ಜೆಡ್ ಒತ್ತುವುದು. ಜೆಡ್ ಒತ್ತಿದರೆ ಪ್ರೋಗ್ರಾಮ್ ಸಾಯುವುದಿಲ್ಲ, ಪೋರ್ಟ್ ಹಿಡಿದುಕೊಂಡೇ ಮಲಗುತ್ತದೆ. ‘ಜಾಬ್ಸ್’ ಹೊಡೆದು ನೋಡಿ, ‘ಎಫ್‌ಜಿ’ ಹೊಡೆದು ಮುಂದೆ ತಂದು, ಆಮೇಲೆ ಕಂಟ್ರೋಲ್-ಸಿ ಒತ್ತಿ.

ಇನ್ನೊಂದು ಟೈಮ್-ವೇಟ್. ಅದೇ ಮಿಲ್ಲಿನ ಕಾಟಾದ ತೂಕ ಓದಿ 9000ರಲ್ಲಿ ಕೊಡುವ ಪೈಥಾನ್ ಪ್ರೋಗ್ರಾಮ್ ನಿಲ್ಲಿಸಿ ತಕ್ಷಣ ಶುರು ಮಾಡಿದರೆ 98 ಬರುತ್ತಿತ್ತು, ಚಹಾ ಕುಡಿದು ಬಂದು ಮಾಡಿದರೆ ಏಳುತ್ತಿತ್ತು. ಸರ್ವರ್ ಕಡೆಯಿಂದ ಸಂಪರ್ಕ ಮುಚ್ಚಿದಾಗ ಲಿನಕ್ಸ್ ಆ ಸಂಪರ್ಕದ ಗುರುತನ್ನು 60 ಸೆಕೆಂಡ್ ಇಟ್ಟುಕೊಳ್ಳುತ್ತದೆ, ದಾರಿಯಲ್ಲಿ ತಡವಾದ ಪ್ಯಾಕೆಟ್ ಹೊಸ ಸಂಪರ್ಕದೊಳಗೆ ನುಸುಳದಿರಲಿ ಎಂದು. ಪ್ರೋಗ್ರಾಮಿನಲ್ಲಿ ಬೈಂಡ್ ಮಾಡುವ ಮುಂಚಿನ ಸಾಲಿನಲ್ಲಿ ‘ಎಸ್‌ಒ_ರಿಯೂಸ್‌ಅಡ್ರ್’ (ಎಲ್ಲಾ ದೊಡ್ಡಕ್ಷರ) ಆಯ್ಕೆ ಆನ್ ಮಾಡಿದರೆ ಈ ಕಾಯುವಿಕೆ ತಪ್ಪುತ್ತದೆ. ಬೈಂಡ್ ಆದ ಮೇಲೆ ಬರೆದರೆ ಉಪಯೋಗವಿಲ್ಲ.

ಪೋರ್ಟ್ ಆರಿಸುವಾಗ 32768ರಿಂದ 60999ರವರೆಗಿನ ಸಂಖ್ಯೆ ಬೇಡ. ಈ ಯಂತ್ರ ಹೊರಗೆ ಸಂಪರ್ಕ ಮಾಡುವಾಗ ಲಿನಕ್ಸ್ ತನ್ನ ಕಡೆಯ ಪೋರ್ಟನ್ನು ಎತ್ತಿಕೊಳ್ಳುವುದು ಆ ಗುಂಪಿನಿಂದಲೇ. ನೀವು 40000 ಇಟ್ಟುಕೊಂಡರೆ ತಿಂಗಳಿಗೊಮ್ಮೆ ಕಾರಣವಿಲ್ಲದೆ ಏಳದಂತೆ ಕಾಣುತ್ತದೆ. ಹೊರಹೋಗುವ ಸಂಪರ್ಕ ‘ಲಿಸನ್’ ಸ್ಥಿತಿಯಲ್ಲಿ ಇರುವುದಿಲ್ಲವಾದ್ದರಿಂದ -ಟಿಎಲ್‌ಎನ್‌ಪಿ ಅದನ್ನು ತೋರಿಸುವುದೂ ಇಲ್ಲ. ಆಗ ‘ಎಸ್‌ಎಸ್ -ಟಿಎಎನ್‌ಪಿ’ ಹೊಡೆದು ನೋಡಬೇಕು.

ವಹಿಯಲ್ಲಿ ಬರೆಯಿರಿ, ಆಮೇಲೆ ರೀಬೂಟ್

1995ರಲ್ಲಿ ಫಿನ್ಲೆಂಡಿನ ತಾತು ಯ್ಲೋನೆನ್ ಎಸ್‌ಎಸ್‌ಎಚ್ ಬರೆದಾಗ, ಫೈಲ್ ಕಳಿಸುವ ಎಫ್‌ಟಿಪಿಯ 21 ಮತ್ತು ದೂರದ ಲಾಗಿನ್‌ಗೆ ಬಳಸುತ್ತಿದ್ದ ಟೆಲ್ನೆಟ್‌ನ 23ರ ನಡುವೆ 22 ಖಾಲಿ ಇದ್ದದ್ದನ್ನು ನೋಡಿ, ಪೋರ್ಟ್ ಸಂಖ್ಯೆ ಹಂಚುವವರಿಗೆ ಮಿಂಚಂಚೆ ಬರೆದು ಕೇಳಿ ಪಡೆದರು. ಕೇಳುವುದು, ಬರೆದಿಡುವುದು, ಆಮೇಲೆ ಕೂರುವುದು. ನಿಮ್ಮ ಯಂತ್ರಕ್ಕೂ ಅಂಥದ್ದೊಂದು ಪಟ್ಟಿ ಬೇಕು. ಮುನೀಮರ ಕಪಾಟಿನ ಒಳಬದಿಗೆ ಈಗ ಒಂದು ಹಾಳೆ ಅಂಟಿಸಿದ್ದೇವೆ: 80 ಎಂಜಿನ್‌ಎಕ್ಸ್, 3000 ಬಿಲ್ಲಿಂಗ್, 3306 ಡೇಟಾಬೇಸ್, 9000 ಕಾಟಾ. ಹೊಸದಾಗಿ ಯಾರೇ ಏನೇ ಹಾಕಲಿ, ಅದರಲ್ಲಿ ಸಂಖ್ಯೆ ಮತ್ತು ದಿನಾಂಕ ಬರೆದೇ ಹಾಕಬೇಕು.

ಅದೇ ದಿನ ಸಂಜೆ ಕಾಟಾ ಬಂದ್ ಆದ ಮೇಲೆ, ಡೇಟಾಬೇಸ್ ಬ್ಯಾಕಪ್ ತೆಗೆದು, ಯಂತ್ರವನ್ನು ಬೇಕೆಂದೇ ರೀಬೂಟ್ ಮಾಡಿದೆ. ಒಂದು ಸಲ ಅಲ್ಲ, ಮೂರು ಸಲ. ಓಟದಲ್ಲಿ ಗೆದ್ದದ್ದೋ, ಎದುರಾಳಿಯೇ ಇಲ್ಲವೋ ಎಂಬುದು ಒಂದೇ ಸಲಕ್ಕೆ ತಿಳಿಯುವುದಿಲ್ಲ. ಪ್ರತಿ ಸಲವೂ ಇವೇ ಎರಡು ಕಮಾಂಡ್:

ಸಿಸ್ಟಮ್‌ಸಿಟಿಎಲ್ --ಫೇಲ್ಡ್
ಸುಡೊ ಎಸ್‌ಎಸ್ -ಟಿಎಲ್‌ಎನ್‌ಪಿ

ಮೂರು ಸಲವೂ ಮೊದಲನೆಯದು ‘0’ ತೋರಿಸಿತು, ಎರಡನೆಯದರಲ್ಲಿ 80ರ ಮುಂದೆ ಎಂಜಿನ್‌ಎಕ್ಸ್ ಒಂದೇ ಹೆಸರು. ಹಾಳೆಯಲ್ಲಿ ಬರೆದ ನಾಲ್ಕು ಸಂಖ್ಯೆಗಳನ್ನೂ ಪರದೆಯ ಸಾಲುಗಳನ್ನೂ ಮುನೀಮರು ಬೆರಳಿಟ್ಟು ತಾಳೆ ನೋಡಿ, ಕೆಳಗೆ ಆ ದಿನದ ದಿನಾಂಕ ಹಾಕಿದರು.